ಅಕ್ಕ ಓಗೊಟ್ಟ ದನಿ

ರೇಡಿಯೋ ಕೇಂದ್ರದ ಮೂರನೇ ಮಹಡಿಯಲ್ಲಿ ಕೆಮ್ಮು ಕತ್ತರಿಸುವ ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತೆರಡು ವರ್ಷ. ನೇಮಕದ ಕಾಗದದಲ್ಲಿ ಆ ಕೆಲಸಕ್ಕೆ ಬೇರೆಯೇ ದೊಡ್ಡ ಹೆಸರಿತ್ತು, ಮಾಡುತ್ತಿದ್ದದ್ದು ಮಾತ್ರ ಅಷ್ಟೇ. ಮಂತ್ರಿಗಳು, ಪಂಡಿತರು, ಡಾಕ್ಟರುಗಳು ಬಂದು ಮೈಕಿನ ಮುಂದೆ ಕುಳಿತು ಮಾತಾಡಿ ಹೋಗುತ್ತಿದ್ದರು. ನಡುನಡುವೆ ಕೆಮ್ಮುತ್ತಿದ್ದರು, ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅವನು ಟೇಪಿನ ಸುರುಳಿಯನ್ನು ಕೈಯಿಂದಲೇ ಹಿಂದೆ ಮುಂದೆ ತಿರುಗಿಸಿ, ಕೆಮ್ಮು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕೊಯ್ದು, ಉಳಿದ ಎರಡು ತುದಿಗಳನ್ನು ಅಂಟಿಸುತ್ತಿದ್ದ. ಅಲ್ಲೊಂದು ಕೆಮ್ಮಿತ್ತೆಂಬ ಗುಮಾನಿ ಕೇಳುವವರಿಗೆ ಬರಕೂಡದು. ವರ್ಷ ತುಂಬುವುದರೊಳಗೆ ಇಡೀ ಕೇಂದ್ರ ಅವನನ್ನು ಕತ್ತರಿ ಎಂದು ಕರೆಯತೊಡಗಿತು. ಆಮೇಲೆ ಊರೂ ಹಾಗೆಯೇ ಕರೆಯಿತು.

ಕತ್ತರಿಗೆ ಮಾತು ಕಮ್ಮಿ. ಆರು ವರ್ಷದವನಾಗಿದ್ದಾಗ ತಾಯಿ ತಂದೆ ಒಬ್ಬರ ಹಿಂದೊಬ್ಬರು ಹೋಗಿಬಿಟ್ಟಿದ್ದರು. ಸಾಕಿ ಸಲಹಿದವಳು ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ. ಅವಳು ಮದುವೆಯಾಗುವಾಗ ಗಂಡಿಗೆ ಹಾಕಿದ ಷರತ್ತು ಒಂದೇ: ತಮ್ಮನೂ ನನ್ನ ಜೊತೆ ಬರುತ್ತಾನೆ. ಗಂಡು ಲಿಫ್ಟ್ ರಿಪೇರಿಯವರು. ಅದಕ್ಕೇನಂತೆ, ಲಿಫ್ಟಿನಲ್ಲಿ ನಾಲ್ಕು ಜನಕ್ಕೆ ಜಾಗ ಇರುತ್ತದೆ ಎಂದು ನಕ್ಕಿದ್ದರಂತೆ. ಹಾಗೆ ಎರಡು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿ ಮೂವರೂ ಇದ್ದರು.

ಭಾವನ ಕಿವಿ ಅಂಥಿಂಥ ಕಿವಿಯಲ್ಲ. ಲಿಫ್ಟಿನ ಬಾಗಿಲಿಗೆ ಕಿವಿ ಹಚ್ಚಿ ನಿಂತು, ಆರನೇ ಮಹಡಿಯ ಗಾಲಿ ಒಣಗಿದೆ, ಎಣ್ಣೆ ಬೇಕು ಎಂದು ಹೇಳಿಬಿಡುತ್ತಿದ್ದರು. ಒಂದು ಭಾನುವಾರ ಅವರು ಮೈದುನನ ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಾ ಒಂದು ಬೂಟಿನ ಡಬ್ಬಿ ಹೊರಗೆಳೆದರು. ಅದರ ತುಂಬ ಬೆರಳುದ್ದದ ಟೇಪಿನ ಚೂರುಗಳು. ಪ್ರತಿಯೊಂದಕ್ಕೂ ಒಂದು ಚೀಟಿ: ಹಣಕಾಸು ಮಂತ್ರಿ, ಒಣ ಕೆಮ್ಮು. ವ್ಯಾಕರಣ ಪಂಡಿತರು, ಕಫದ್ದು. ಎಸೆಯಲು ಮನಸ್ಸು ಬರಲಿಲ್ಲ ಎಂದು ಕತ್ತರಿ ತಪ್ಪು ಮಾಡಿದವನ ಹಾಗೆ ತಲೆ ಕೆರೆದುಕೊಂಡ. ಭಾವ ಬೈಯಲಿಲ್ಲ. ಎರಡು ಚೂರುಗಳನ್ನು ಎತ್ತಿ ಬೆರಳಿನಿಂದ ಅಳೆದರು. ಇದು ನಾಲ್ಕು ಬೆರಳು, ಇದು ಎರಡು ಬೆರಳು, ಒಂದರ ಪಕ್ಕ ಒಂದು ಅಂಟಿಸಿದರೆ ತಾಳ ತಾನಾಗಿಯೇ ಬರುತ್ತದಲ್ಲವೇ ಎಂದರು.

ಅವತ್ತಿಂದ ಭಾನುವಾರ ಬಂತೆಂದರೆ ಅಡುಗೆಮನೆಯ ಮೇಜು ಅವರದ್ದು. ನಲವತ್ತು ಜನ ಗಣ್ಯರ ಕೆಮ್ಮು, ಅದರ ಕೆಳಗೆ ಧಡ್ ಧಡ್ ಎಂದು ಮುಚ್ಚುವ ಲಿಫ್ಟಿನ ಬಾಗಿಲು. ಮೂರು ನಿಮಿಷದ ಹಾಡಿಗೆ ಐದು ತಿಂಗಳು ಹಿಡಿಯಿತು. ಕೇಳಿದ ಅಕ್ಕ, ಇದೇನು ಆಸ್ಪತ್ರೆಯ ವರಾಂಡದಲ್ಲಿ ಮದುವೆ ಇಟ್ಟುಕೊಂಡ ಹಾಗಿದೆ ಎಂದಳು. ಆದರೆ ಪಾತ್ರೆ ತೊಳೆಯುತ್ತಾ ಅವಳ ಕಾಲು ತಾಳ ಹಾಕುತ್ತಿದ್ದುದನ್ನು ಇಬ್ಬರೂ ಕಂಡರು.

ಕೇಂದ್ರದಲ್ಲಿ ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಮಾತಾಡಬೇಕಿದ್ದವರು ಕೈಕೊಟ್ಟರು. ಖಾಲಿ ಬಿದ್ದ ಹೊತ್ತನ್ನು ತುಂಬಲು ಕಾರ್ಯಕ್ರಮದ ಅಧಿಕಾರಿ ಕತ್ತರಿಯ ಮೇಜಿನ ಮೇಲೆ ಕೈಗೆ ಸಿಕ್ಕ ಸುರುಳಿ ಹಾಕಿಬಿಟ್ಟ. ಅದು ಕೆಮ್ಮಿನ ಹಾಡಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಫೋನುಗಳ ಸುರಿಮಳೆ. ಅರ್ಧ ಜನ ಬೈದರು, ಅರ್ಧ ಜನ ಇನ್ನೊಮ್ಮೆ ಹಾಕಿ ಎಂದರು. ಮರುದಿನ ವ್ಯಾಕರಣ ಪಂಡಿತರು ಖುದ್ದಾಗಿ ಕೋಲೂರಿಕೊಂಡು ಬಂದರು. ತಮ್ಮ ಕೆಮ್ಮು ತಮಗೆ ಗೊತ್ತಾಗದೇ ಇರುತ್ತದೆಯೇ. ಮೂರು ಸಲ ಹಾಕಿಸಿಕೊಂಡು ಕೇಳಿದರು. ಕೊನೆಗೆ ಅವರು ತೆಗೆದ ತಕರಾರು ಇಷ್ಟೇ: ಮಂತ್ರಿಯ ಕೆಮ್ಮು ಐದು ಸಲ ಬರುತ್ತದೆ, ನನ್ನದು ಎರಡೇ ಸಲ ಏಕೆ?

ಹೀಗೆ ಶುರುವಾಯಿತು. ಹಾಡನ್ನು ಗ್ರಾಮಫೋನ್ ತಟ್ಟೆಗೆ ಇಳಿಸಲು ಬಂದ ಕಂಪನಿಯ ಹೆಂಗಸು ಯಾವ ಹೆಸರಿನಲ್ಲಿ ಹಾಕಲಿ ಎಂದು ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಬಾಗಿಲಲ್ಲಿ ನಿಂತ ಅಕ್ಕನೇ ಹೇಳಿದಳು. ಇನ್ನೇನು, ಭಾವಮೈದುನ ಅಂತ ಹಾಕಿ.

ಆಮೇಲಿನ ಒಂಬತ್ತು ವರ್ಷ ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ. ಬೆರಳಚ್ಚಿನ ಯಂತ್ರಗಳ ಹಾಡು, ನೂಲಿನ ಗಿರಣಿಯ ಹಾಡು, ಬಾಗಿಲುಗಳದ್ದೇ ಒಂದು ಇಡೀ ತಟ್ಟೆ. ಇಬ್ಬರೂ ಕೆಲಸ ಬಿಟ್ಟರು. ನಡುವೆ ಸ್ಯಾಂಪ್ಲರ್ ಎಂಬ ಯಂತ್ರ ಬಂತು. ಯಾವ ಸದ್ದನ್ನಾದರೂ ನುಂಗಿಕೊಳ್ಳುತ್ತದೆ, ಹಾರ್ಮೋನಿಯಮ್ಮಿನದಂಥ ಕೀಲಿ ಒತ್ತಿದರೆ ಬೇಕಾದ ಸ್ಥಾಯಿಯಲ್ಲಿ ಉಗುಳುತ್ತದೆ. ಅದನ್ನು ಮೊದಲು ನೋಡಿದ ದಿನ ಕತ್ತರಿ ಊಟ ಮಾಡಲಿಲ್ಲ. ಬ್ಲೇಡಿಗೆ ಇನ್ನು ಕೆಲಸವಿಲ್ಲವಲ್ಲ ಎಂಬ ಸಂಕಟ. ಅಕ್ಕ ಊಟದ ತಟ್ಟೆಯನ್ನು ಅವನ ಮುಂದೆ ತಳ್ಳಿ, ಯಂತ್ರಕ್ಕೆ ಒತ್ತೋದು ಗೊತ್ತು, ಆರಿಸೋದು ಗೊತ್ತಾ ಎಂದಳು. ಅಂದಿನಿಂದ ಆರಿಸುವುದು ಅವನ ಪಾಲು, ಒತ್ತುವುದು ಭಾವನ ಪಾಲು ಎಂದಾಯಿತು. ವೇದಿಕೆಯ ಮೇಲೆ ಉದ್ದನೆಯ ಮೇಜಿನ ಹಿಂದೆ ಇಬ್ಬರೂ ಅಂಗಡಿಯವರ ಹಾಗೆ ನಿಲ್ಲುತ್ತಿದ್ದರು. ಭಾವ ಮೈಮರೆತು ತೂಗುತ್ತಿದ್ದರು. ಕತ್ತರಿ ಮಾತ್ರ ಬಸ್ಸಿಗೆ ಕಾಯುವವನಂತೆ ನೆಟ್ಟಗೆ ನಿಂತಿರುತ್ತಿದ್ದ. ಎದುರಿಗೆ ಸಾವಿರ ಜನ ಕುಣಿಯುತ್ತಿದ್ದರು. ಇವರ ನಂತರ ಈ ದಾರಿ ಹಿಡಿದ ಹುಡುಗ ಹುಡುಗಿಯರು ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಮೊದಲಿಗರು ಎಂದು ಪತ್ರಿಕೆಗಳು ಬರೆದವು.

ಅಕ್ಕ ಯಾವ ಪ್ರವಾಸಕ್ಕೂ ಬರಲಿಲ್ಲ. ಇಬ್ಬರು ಹುಚ್ಚರನ್ನು ಮನೆಯಲ್ಲಿ ನೋಡುವುದೇ ಸಾಕಾಗಿದೆ, ಟಿಕೆಟು ತಗೊಂಡು ಬೇರೆ ನೋಡಬೇಕೇ ಎನ್ನುತ್ತಿದ್ದಳು. ಕಡಲತೀರದ ಒಂದು ಊರಿನಲ್ಲಿ ಸಂಜೆಯ ಕಾರ್ಯಕ್ರಮಕ್ಕೆ ತಂತಿ ಜೋಡಿಸುತ್ತಿದ್ದಾಗ ಫೋನು ಬಂತು. ಬಟ್ಟೆ ಒಣಗಿಸುತ್ತಿದ್ದ ಅಕ್ಕ ತಾರಸಿಯ ಮೇಲೆ ಕುಸಿದು ಬಿದ್ದಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಹನ್ನೊಂದು ಗಂಟೆಯ ದಾರಿ. ಅವರು ಮುಟ್ಟುವ ಹೊತ್ತಿಗೆ ಆಸ್ಪತ್ರೆಯವರು ಅವಳ ಚಪ್ಪಲಿಯನ್ನು ಒಂದು ಚೀಲದಲ್ಲಿ ಹಾಕಿ ಇಟ್ಟಿದ್ದರು.

ಮನೆ ಭಣಗುಟ್ಟಿತು. ಸದ್ದು ಹುಡುಕುವುದನ್ನೇ ಬದುಕಾಗಿಸಿಕೊಂಡಿದ್ದ ಇಬ್ಬರಿಗೂ ಆ ಮನೆಯ ಒಂದು ಸದ್ದೂ ಸಹಿಸಲಾಗಲಿಲ್ಲ. ಕತ್ತರಿ ಎರಡು ಬೀದಿ ಆಚೆ ಕೋಣೆ ಹಿಡಿದ. ಭಾವ ಯಂತ್ರದ ಕೋಣೆಯ ಬಾಗಿಲು ಹಾಕಿಕೊಂಡರು. ಕತ್ತರಿ ದಿನಾ ಮಧ್ಯಾಹ್ನ ಊಟದ ಡಬ್ಬಿ ತಂದು ಬಾಗಿಲ ಮುಂದೆ ಇಟ್ಟು, ಹಿಂದಿನ ದಿನದ ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದ. ಎರಡು ತಿಂಗಳು ಹೀಗೆ ಕಳೆದ ಮೇಲೆ ಒಂದು ದಿನ ಬಾಗಿಲು ತೆರೆದಿತ್ತು. ಗಡ್ಡ ಬಿಟ್ಟ ಭಾವ ಅವನನ್ನು ಕುರ್ಚಿಯ ಮೇಲೆ ಕೂರಿಸಿ ಹೊಸ ಹಾಡು ಹಾಕಿದರು.

ಮೊದಲು ಹಿಮ್ಮೇಳ. ಆಮೇಲೆ ಒಂದು ಹೆಣ್ಣು ದನಿ. ಬಂದೆ.

ಯಾರಾದರೂ ಕರೆದರೆ ಒಳಗಿನಿಂದ ಓಗೊಡುವ ದನಿ ಅದು. ಎರಡನೆಯ ಅಕ್ಷರವನ್ನು ಸ್ವಲ್ಪ ಎಳೆದು, ಅರ್ಧ ಬೇಸರ ಅರ್ಧ ಅಕ್ಕರೆಯಲ್ಲಿ ಬಂದೆ ಎನ್ನುವುದು. ಇಡೀ ಲೋಕದಲ್ಲಿ ಹಾಗೆ ಹೇಳುತ್ತಿದ್ದವಳು ಒಬ್ಬಳೇ. ದನಿ ಮೇಲೇರಿತು, ಕೆಳಗಿಳಿಯಿತು, ಚೂರುಚೂರಾಗಿ ತಾಳವಾಯಿತು, ಮತ್ತೆ ಒಂದಾಯಿತು. ಬಂದೆ, ಬಂದೆ, ಬಂಬಂಬಂದೆ.

"ನಿಲ್ಲಿಸಿ ಭಾವ," ಎಂದ.

ಭಾವ ನಿಲ್ಲಿಸಲಿಲ್ಲ. ಹಾಡು ಮುಗಿಯುವವರೆಗೆ ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಹೇಗಿದೆ ಎಂದು ಕೇಳಿದರು.

"ಅವಳನ್ನ ಹೀಗೆ ಕೊಚ್ಚಿ ಹಾಕೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

"ಕೊಚ್ಚಿಲ್ಲ ಕಣೋ. ಅವಳ ದನಿ ಬೇಕು ನಂಗೆ. ದಿನಾ ಬೇಕು."

"ಬೇಕಿದ್ರೆ ನೀವೊಬ್ರೇ ಕೇಳ್ಕೊಳ್ಳಿ. ಯಾರ್‍ಯಾರೋ ಕುಣಿಯೋಕೆ ಯಾಕೆ ಕೊಡ್ತೀರಿ?"

ಭಾವ ಯಂತ್ರದ ಮೇಲೆ ಬಟ್ಟೆ ಹೊದಿಸಿದರು. ಒಬ್ಬನೇ ಕೇಳಿದರೆ ಹುಚ್ಚು ಹಿಡಿಯುತ್ತದೆ ಎಂದರು. ಕತ್ತರಿ ಡಬ್ಬಿ ಎತ್ತಿಕೊಂಡು ಹೊರಟ. ಮರುದಿನದ ಡಬ್ಬಿಯನ್ನು ಅವನು ತರಲಿಲ್ಲ.

ತಟ್ಟೆ ಹೊರಬಂತು. ಹೊದಿಕೆಯ ಮೇಲೆ ಭಾವಮೈದುನ ಎಂದೇ ಅಚ್ಚಾಗಿತ್ತು, ಒಳಗೆ ಮಾತ್ರ ಮೈದುನ ಇರಲಿಲ್ಲ. ಹಿಂದಿನ ಯಾವ ಹಾಡೂ ಹೋಗದಷ್ಟು ದೂರ ಅದು ಹೋಯಿತು. ಕ್ಷೌರಕ್ಕೆ ಕೂತರೆ ಕನ್ನಡಿಯ ಪಕ್ಕದಿಂದ ಬಂದೆ. ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಬಂದೆ. ತರಕಾರಿ ಕೊಳ್ಳುವಾಗ, ಬ್ಯಾಂಕಿನಲ್ಲಿ ಸಾಲು ನಿಂತಾಗ, ಪಕ್ಕದ ಮನೆಯ ಮದುವೆಯಲ್ಲಿ. ಮನೆಮನೆಗೆ ಸಾಮಾನು ಮುಟ್ಟಿಸುವ ಒಂದು ಕಂಪನಿ ಆ ಎರಡಕ್ಷರವನ್ನು ಜಾಹೀರಾತಿಗೆ ಕೊಂಡುಕೊಂಡ ಮೇಲಂತೂ ಬೀದಿಯಲ್ಲಿ ಹೋಗುವ ಪ್ರತಿ ಸ್ಕೂಟರಿನಿಂದ ಅಕ್ಕ ಓಗೊಡತೊಡಗಿದಳು. ಮೊದಮೊದಲು ಕತ್ತರಿಗೆ ಪ್ರತಿ ಸಲವೂ ತಲೆ ತಾನಾಗಿಯೇ ಆ ಕಡೆ ತಿರುಗುತ್ತಿತ್ತು. ಆಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುವುದನ್ನು ಕಲಿತ.

ಊರಿನ ಇನ್ನೊಂದು ತುದಿಗೆ ಕೋಣೆ ಬದಲಿಸಿದ. ಅಲ್ಲಿನ ದೊಡ್ಡ ಗ್ರಂಥಾಲಯವೊಂದರ ನೆಲಮಾಳಿಗೆಯಲ್ಲಿ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಸಿಕ್ಕಿತು. ಅವನಿಗೆ ಅದು ಹೇಳಿ ಮಾಡಿಸಿದ್ದು. ಬೆಳಗಿನಿಂದ ಸಂಜೆಯವರೆಗೆ ಹೆಡ್‌ಫೋನು, ಗುರುತಿಲ್ಲದವರ ದನಿಗಳು. ಯಾರೋ ರೈತ ಬೀಜದ ಬಗ್ಗೆ ಹೇಳುತ್ತಿದ್ದ, ಯಾರೋ ಮುದುಕಿ ಯುದ್ಧದ ಕಾಲದ ನೆನಪು ತೆಗೆಯುತ್ತಿದ್ದಳು. ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಜೊತೆಯ ಗುಮಾಸ್ತೆಯೊಬ್ಬಳು ಒಂದೆರಡು ವರ್ಷ ತನ್ನ ಡಬ್ಬಿಯ ಊಟವನ್ನು ಅವನ ಮೇಜಿಗೆ ತಂದು ಕೂತಿದ್ದುಂಟು. ಅವನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದನೇ ಹೊರತು ತಾನಾಗಿ ಒಂದು ಮಾತೂ ಎತ್ತಲಿಲ್ಲ. ಅವಳಿಗೆ ಬೇರೆ ಶಾಖೆಗೆ ವರ್ಗವಾಯಿತು. ಹೋಗುವ ದಿನ ಅವಳು ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತಿದ್ದಳು. ಅವನ ಕಿವಿಯ ಮೇಲೆ ಹೆಡ್‌ಫೋನಿತ್ತು. ತಲೆಯೆತ್ತಿದಾಗ ಮೆಟ್ಟಿಲು ಖಾಲಿಯಿತ್ತು. ಭಾವ ಒಬ್ಬರೇ ಹೋಗಿ ಯಾವುದೋ ಪ್ರಶಸ್ತಿ ತೆಗೆದುಕೊಂಡ ಚಿತ್ರ ಪತ್ರಿಕೆಯಲ್ಲಿ ಬಂದಾಗ ಕತ್ತರಿ ಆ ಪುಟವನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದ. ಐದು ನಿಮಿಷ ಬಿಟ್ಟು ತೆಗೆದು ಡ್ರಾಯರಿನಲ್ಲಿಟ್ಟ. ಹೀಗೆ ಹದಿನಾಲ್ಕು ವರ್ಷ.

ಹದಿನೈದನೆಯ ವರ್ಷ ಒಂದು ಕಾರ್ಡು ಬಂತು. ಭಾವನದೇ ಕೈಬರಹ, ಅಕ್ಷರಗಳು ಮಾತ್ರ ನಡುಗಿದ್ದವು. ಕಿವಿ ಪೂರ್ತಿ ಹೋಗಿದೆ. ಫೋನು ಮಾಡಬೇಡ, ಕೇಳಿಸುವುದಿಲ್ಲ. ನಿನ್ನದೊಂದು ವಸ್ತು ನನ್ನ ಹತ್ತಿರ ಇದೆ. ಬಾ.

ಕತ್ತರಿ ಮೂರು ವಾರ ಮೀನಮೇಷ ಎಣಿಸಿದ. ನಾಲ್ಕನೆಯ ಗುರುವಾರ ಅರ್ಧ ದಿನದ ರಜೆ ಬರೆದು ಕೊಟ್ಟು ಹೋದ. ಅದೇ ಮನೆ. ಕರೆಗಂಟೆ ಒತ್ತಿದ ಮೇಲೆ ಅದರಿಂದ ಪ್ರಯೋಜನವಿಲ್ಲ ಎಂದು ಹೊಳೆಯಿತು. ಬಾಗಿಲು ತಳ್ಳಿದರೆ ತೆರೆದುಕೊಂಡಿತು. ಭಾವ ಕಿಟಕಿಯ ಬಳಿ ಕುಳಿತಿದ್ದರು. ಹೆಗಲು ಇಳಿದಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನ ನೆರಳು ನೆಲದ ಮೇಲೆ ಬಿದ್ದಾಗ ತಿರುಗಿ ನೋಡಿದರು.

ಇಬ್ಬರೂ ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ. ಭಾವ ಎದ್ದು ಹೋಗಿ ಚಹಾ ಮಾಡಿ ತಂದರು. ಸಕ್ಕರೆ ಹಾಕಲು ಮರೆತಿದ್ದರು. ಕತ್ತರಿ ಹಾಗೆಯೇ ಕುಡಿದ. ಆಮೇಲೆ ಅವರು ಬೀರುವಿನಿಂದ ಒಂದು ರೀಲು ತಂದು ಅವನ ತೊಡೆಯ ಮೇಲಿಟ್ಟರು. ರಟ್ಟಿನ ಡಬ್ಬಿಯ ಮೇಲೆ ಕತ್ತರಿಯದೇ ಅಕ್ಷರ: ಮೈಕ್ ಪರೀಕ್ಷೆ, ಅಡುಗೆಮನೆ.

ಅವನಿಗೆ ನೆನಪೇ ಇರಲಿಲ್ಲ. ರೀಲಿನ ಅಂಚು ನೋಡಿದ. ಒಂದು ಅಂಟೂ ಇಲ್ಲ, ಒಂದು ಗಾಯವೂ ಇಲ್ಲ.

"ನಾನು ಬ್ಲೇಡು ಮುಟ್ಟಿಸಿಲ್ಲ," ಎಂದರು ಭಾವ. ಕೇಳದವರ ದನಿ, ಏರಿಳಿತ ತಪ್ಪಿತ್ತು. "ಯಂತ್ರಕ್ಕೆ ಒಂದು ಮಾತು ಹಿಡಿದ್ಕೊಂಡೆ, ಅಷ್ಟೇ. ಮುಂದಕ್ಕೆ ಕೇಳೋ ಧೈರ್ಯ ಆಗ್ಲಿಲ್ಲ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಅಂತ ಇಟ್ಟೆ. ಅಷ್ಟರಲ್ಲಿ ಕಿವಿ ಹೋಯ್ತು."

ಹಳೆಯ ಟೇಪು ಯಂತ್ರ ಮೂಲೆಯಲ್ಲಿತ್ತು. ಕತ್ತರಿ ಧೂಳು ಒರೆಸಿ, ರೀಲು ಏರಿಸಿ, ಹೆಡ್‌ಫೋನು ಹಾಕಿಕೊಂಡು ಗುಂಡಿ ಒತ್ತಿದ. ಕೊಂಚ ಗರಗರ. ಆಮೇಲೆ ಒಬ್ಬ ಹರೆಯದವನ ದನಿ: ಅಕ್ಕಾ. ದೂರದಿಂದ ಪಾತ್ರೆಯ ಸದ್ದು. ಮತ್ತೆ ಅದೇ ದನಿ: ಅಕ್ಕಾ, ಬಾ ಇಲ್ಲಿ. ಆಗ ಬಂತು ಆ ಎರಡಕ್ಷರ.

ಅವನು ಯಂತ್ರ ನಿಲ್ಲಿಸಿದ. ಕರೆದ ದನಿ ಅವನದೇ. ಹದಿನಾಲ್ಕು ವರ್ಷ ಊರೆಲ್ಲ ಕೇಳಿದ ಆ ಬಂದೆ ಅವನ ಕರೆಗೆ ಬಂದ ಉತ್ತರ. ಭಾವ ಅವನ ಮುಖವನ್ನೇ ನೋಡುತ್ತಿದ್ದರು.

"ಗೊತ್ತಾಯ್ತಾ?" ಎಂದರು. "ನಿನ್ನ ದನಿ ನಾನೇ ಬಿಟ್ಟೆ. ಅವಳು ನಂಗೇ ಓಗೊಟ್ಟ ಹಾಗೆ ಇರ್ಲಿ ಅಂತ. ಆವತ್ತು ನೀನು ಬೈದಾಗ ಇದನ್ನೇ ಹೇಳ್ಬೇಕು ಅಂತಿದ್ದೆ. ಬಾಯಿ ಬರ್ಲಿಲ್ಲ."

ಕತ್ತರಿ ಏನು ಹೇಳಿದರೂ ಅವರಿಗೆ ಕೇಳಿಸುವುದಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಖಾಲಿ ಮನೆಯಲ್ಲಿ ಅಷ್ಟು ವರ್ಷ ಒಂದೇ ಮಾತಿನ ಜೊತೆ ಇದ್ದ ಆ ಮುದಿ ಜೀವದ ಹತ್ತಿರಕ್ಕೆ ಅವನು ಕುರ್ಚಿ ಎಳೆದುಕೊಂಡ. ಭಾವ ಒಂದು ಪುಸ್ತಕ ಮತ್ತು ಪೆನ್ನನ್ನು ಅವನ ಕಡೆ ಸರಿಸಿದರು.

"ಮುಂದೆ ಏನು ಹೇಳಿದ್ದಾಳೆ? ಬರ್ದು ಕೊಡು."

ರೀಲಿನಲ್ಲಿ ಹತ್ತೊಂಬತ್ತು ನಿಮಿಷವಿತ್ತು. ಕತ್ತರಿ ಮುಂದೆ ಪ್ರತಿ ಗುರುವಾರ ಬರತೊಡಗಿದ. ಸ್ವಲ್ಪ ಕೇಳುವುದು, ನಿಲ್ಲಿಸುವುದು, ಬರೆಯುವುದು. ಮಾತಷ್ಟೇ ಬರೆದರೆ ಭಾವನಿಗೆ ಸಾಲದು. ಇಲ್ಲಿ ಉಸಿರು ಎಳೆದಳಾ, ಇಲ್ಲಿ ನಕ್ಕಳಾ, ನಗು ಮೂಗಿನದ್ದೋ ಗಂಟಲಿನದ್ದೋ ಎಂದು ಪೀಡಿಸುತ್ತಿದ್ದರು. ಅವನು ಅದನ್ನೂ ಬರೆದ. ವಾರಕ್ಕೆ ಒಂದೇ ಹಾಳೆ ಸಾಕು ಎಂದು ಅವರೇ ಲೆಕ್ಕ ಹಾಕಿದ್ದರು.

ಅಕ್ಕ ಘನವಾದ ಮಾತೇನೂ ಆಡಿರಲಿಲ್ಲ. ಗೋಡೆ ಹತ್ತಿರ ಮಾತಾಡಿದ ಹಾಗಾಗುತ್ತದೆ, ಏನು ಹೇಳಲಿ ಎಂದು ಶುರು ಮಾಡಿದ್ದಳು. ಪಕ್ಕದ ಮನೆಯವಳು ಬಟ್ಟೆಯ ಹಗ್ಗವನ್ನು ಇಡೀ ದಿನ ಬಿಟ್ಟುಕೊಡುವುದಿಲ್ಲ ಎಂದಿದ್ದಳು. ಚಿಕ್ಕವನಿದ್ದಾಗ ತಮ್ಮ ಎಡಗಾಲಿನ ಬೂಟು ಹಾಕಿಕೊಳ್ಳುವುದಿಲ್ಲವೆಂದು ಒಂದು ವರ್ಷ ಹಟ ಮಾಡಿದ ಕತೆ ಹೇಳಿದ್ದಳು. ಆಮೇಲೆ ದನಿ ತಗ್ಗಿಸಿ ಭಾವನ ಗುಟ್ಟೊಂದನ್ನು ಬಿಟ್ಟುಕೊಟ್ಟಿದ್ದಳು. ಅದನ್ನು ಬರೆಯುವುದೋ ಬೇಡವೋ ಎಂದು ಕತ್ತರಿ ಪೆನ್ನು ಕಚ್ಚಿಕೊಂಡು ಕೂತ. ಕೊನೆಗೆ ಬರೆದೇಬಿಟ್ಟ: ಇಷ್ಟೆಲ್ಲ ತಾಳ ಹಾಕ್ತಾರಲ್ಲ ನಿಮ್ಮ ಭಾವ, ನಿದ್ದೇಲಿ ಹಾಡ್ತಾರೆ, ಒಂದು ಸ್ವರಾನೂ ನೆಟ್ಟಗಿರಲ್ಲ, ನಾನು ಹೇಳ್ದೆ ಅನ್ಬೇಡ. ಭಾವ ಓದಿದರು, ಮತ್ತೆ ಓದಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಇಪ್ಪತ್ತೆರಡು ವರ್ಷ ಜೊತೆಗಿದ್ದಳು, ಒಂದು ಸಲ ಹೇಳಬಾರದಿತ್ತೇ ಎಂದರು.

ಕೊನೆಯ ಹಾಳೆಯನ್ನು ಕತ್ತರಿ ರೀಲನ್ನು ಗ್ರಂಥಾಲಯಕ್ಕೆ ಒಯ್ದು ಅಲ್ಲಿ ಬರೆದ. ಆ ಭಾಗ ಕೇಳುವಾಗ ಭಾವ ತನ್ನ ಮುಖ ನೋಡುವುದು ಅವನಿಗೆ ಬೇಡವಾಗಿತ್ತು. ಅಲ್ಲಿ ಅಕ್ಕ ಕೇಳುತ್ತಾಳೆ: ಆಯ್ತಾ? ಒಲೆ ಮೇಲೆ ಹಾಲಿದೆ, ಹೋಗ್ಲಾ? ತಮ್ಮ ಉತ್ತರ ಕೊಡುವುದಿಲ್ಲ. ಮೀಟರಿನ ಮುಳ್ಳಿನ ಕಡೆಗೋ ತಂತಿಯ ಕಡೆಗೋ ಅವನ ಗಮನ. ಅರ್ಧ ನಿಮಿಷ ಅವಳು ಕಾಯುತ್ತಾಳೆ. ಕಾಯುವುದು ಕೇಳಿಸುತ್ತದೆ, ಉಸಿರು, ಬಟ್ಟೆಯ ಸರಪರ. ಆಮೇಲೆ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಅಷ್ಟೇ. ಆ ಅರ್ಧ ನಿಮಿಷವನ್ನು ಕತ್ತರಿ ಎಷ್ಟು ಸಲ ಕೇಳಿದನೋ. ಈಗಲಾದರೂ ಹ್ಞೂ ಹೋಗು ಅನ್ನಬೇಕೆಂದು ಪ್ರತಿ ಸಲವೂ ಬಾಯಿ ತೆರೆಯುತ್ತಿತ್ತು. ನೆಲಮಾಳಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಗುರುವಾರ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತೆಗೆದುಕೊಂಡು ಹೋದ. ಇದೇ ಕೊನೆಯದು ಎಂದು ಪುಸ್ತಕದಲ್ಲಿ ಬರೆದು ತೋರಿಸಿದ. ಭಾವ ಹಾಳೆಯನ್ನು ಬಿಚ್ಚಲಿಲ್ಲ. ಅಂಗೈಯಲ್ಲಿ ತೂಗಿ ನೋಡುವವರಂತೆ ಹಿಡಿದುಕೊಂಡಿದ್ದು, ಅವನ ಜೇಬಿಗೆ ತುರುಕಿದರು.

"ನಿನ್ನ ಹತ್ರಾನೇ ಇರ್ಲಿ. ಇದು ಮುಗಿದ್ರೆ ನೀನು ಬರೋದು ನಿಲ್ಲಿಸ್ತೀಯ."

ನಿಲ್ಲಿಸುವುದಿಲ್ಲ ಎಂದು ಅವನು ಬರೆದ. ಅವರು ಓದಿ, ಹೌದೇನು ಎಂಬಂತೆ ಹುಬ್ಬೇರಿಸಿದರು. ಹಾಳೆಯನ್ನು ಮಾತ್ರ ಮತ್ತೆ ಕೇಳಲಿಲ್ಲ.

ಮುಂದಿನ ಗುರುವಾರ ಬರೆಯುವುದು ಏನೂ ಇರಲಿಲ್ಲ. ಕತ್ತರಿ ಹಣ್ಣು ಕೊಂಡು ಹೋದ. ಭಾವ ಸುಲಿದರು, ಇಬ್ಬರೂ ತಿಂದರು. ಕಿಟಕಿಯ ಹೊರಗೆ ಎದುರುಮನೆಯವರು ಗೋಡೆಗೆ ಬಣ್ಣ ಬಳಿಸುತ್ತಿದ್ದರು. ಮೊದಲಿನ ಬಣ್ಣವೇ ಚೆನ್ನಾಗಿತ್ತು ಎಂದರು ಭಾವ. ಕತ್ತರಿ ತಲೆಯಾಡಿಸಿದ. ಸಂಜೆಯಾಗುತ್ತಾ ಬಂದಾಗ ಅವರಿಗೆ ಕುಳಿತಲ್ಲೇ ಜೋಂಪು ಹತ್ತಿತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ, ಗಂಟಲಿನೊಳಗೆ, ಏನೋ ಒಂದನ್ನು ಹಾಡತೊಡಗಿದರು. ಯಾವ ಹಾಡೆಂದು ಹೇಳುವುದು ಕಷ್ಟವಿತ್ತು. ಬಸ್ಸಿಗೆ ಹೊತ್ತಾಗಿದ್ದರೂ ಕತ್ತರಿ ಏಳಲಿಲ್ಲ. ಬಣ್ಣದವರು ಏಣಿ ಎತ್ತಿಕೊಂಡು ಹೋಗುವವರೆಗೂ ಕೇಳುತ್ತಾ ಕೂತಿದ್ದ.